ಹತ್ತರ ರಿಂಗ್ 20 ಇಂಚೋ, 10 ಇಂಚೋ?

ರೈಫಲ್ ಗುರಿ ಸ್ಪರ್ಧೆಯ ಎರಡು ಟಾರ್ಗೆಟ್‌ಗಳ ಮಾತಿದು. ದೂರ ಒಂದೇ, 1000 ಗಜ. ಅಮೆರಿಕದ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್) ನಿಯಮದ ಮಾಮೂಲಿ ಲಾಂಗ್ ರೇಂಜ್ ಟಾರ್ಗೆಟ್‌ನಲ್ಲಿ ಹತ್ತರ ರಿಂಗ್ 20 ಇಂಚು ಅಗಲ, ಒಳಗಿನ ಎಕ್ಸ್ (ಅದಕ್ಕೂ ಹತ್ತೇ ಅಂಕ) 10 ಇಂಚು. ರೈಫಲಿಗೆ ಆಧಾರ ಕೊಟ್ಟು, ಸ್ಕೋಪಿನಲ್ಲಿ ಗುರಿ ನೋಡಿ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತರ ರಿಂಗ್ 10 ಇಂಚಿಗೆ ಇಳಿಯುತ್ತದೆ, ಎಕ್ಸ್ 5ಕ್ಕೆ. ನಡುವಿನ 44 ಇಂಚಿನ ಕಪ್ಪು ಎರಡರಲ್ಲೂ ಅಷ್ಟೇ. ದೂರದಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನನ್ನ .308 ರೈಫಲನ್ನು ಬೈಪಾಡ್ (ಎರಡು ಕಾಲಿನ ಸ್ಟ್ಯಾಂಡ್) ಮೇಲಿಟ್ಟು, ಸ್ಕೋಪ್ ಹಾಕಿ, ಮಾಮೂಲಿ ಟಾರ್ಗೆಟ್‌ಗೆ 20 ಗುಂಡು ಹೊಡೆದೆ. 11 ಎಕ್ಸ್, 8 ಹತ್ತು, ಒಂದೇ ಒಂದು ಒಂಬತ್ತು. 200ಕ್ಕೆ 199! ಎದೆ ಉಬ್ಬಿತು. ಮನೆಗೆ ಬಂದು ಅದೇ ತೂತುಗಳನ್ನು ಎಫ್-ಕ್ಲಾಸ್ ಚಾರ್ಟಿನಲ್ಲಿ ಗುರುತು ಹಾಕಿದೆ. ಎಕ್ಸ್‌ಗಳೆಲ್ಲ ಬರೀ ಹತ್ತಾದವು, ಹತ್ತುಗಳು ಒಂಬತ್ತಾದವು, ಒಂಬತ್ತು ಎಂಟಾಯಿತು. ಒಟ್ಟು 190. ಗುಂಡು ಒಂದಿಂಚೂ ಕದಲಿಲ್ಲ, ಉಬ್ಬಿದ ಎದೆ ಮಾತ್ರ ಇಳಿಯಿತು.

ಲೆಕ್ಕ ಸುಲಭ. ಹಳೆ ಸ್ಕೋರಿಗೆ ಎಕ್ಸ್‌ಗಳನ್ನು ಕೂಡಿ, ಹೊಡೆದ ಗುಂಡುಗಳನ್ನು ಕಳೆಯಿರಿ. 199ಕ್ಕೆ 11 ಕೂಡಿ 20 ಕಳೆದರೆ 190.

ಆ ಒಂಬತ್ತು ಅಂಕ ಹೋಗಿದ್ದು ಗಾಳಿಯಿಂದ. 155 ಗ್ರೇನ್ (ಸುಮಾರು 10 ಗ್ರಾಂ) ಗುಂಡನ್ನು ಗಂಟೆಗೆ 1 ಮೈಲಿಯ ಅಡ್ಡಗಾಳಿ ಅಷ್ಟು ದೂರದಲ್ಲಿ ಸುಮಾರು 9 ಇಂಚು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ತೋರಿಸುವ ಬಾವುಟ ಸ್ವಲ್ಪ ಜೋತುಬಿದ್ದಿದ್ದನ್ನು ಗಮನಿಸದೆ ಟ್ರಿಗರ್ ಒತ್ತಿದರೆ ಸಾಕು. 20 ಇಂಚಿನ ರಿಂಗ್ ಆ ತಪ್ಪನ್ನು ನುಂಗಿಕೊಂಡು ಹತ್ತು ಕೊಡುತ್ತದೆ. ಚಿಕ್ಕ ರಿಂಗ್‌ನಲ್ಲಿ ಅದೇ ಗುಂಡಿಗೆ ಒಂಬತ್ತು. ಮದ್ದಿನ ತೂಕದಲ್ಲಿ ಏರುಪೇರಾಗಿ ಗುಂಡುಗಳು ಮೇಲೆ ಕೆಳಗೆ ಹರಡಿದರೂ ಅಷ್ಟೇ, ಚಿಕ್ಕ ರಿಂಗ್ ಮಾತ್ರ ಹೇಳಿಬಿಡುತ್ತದೆ.

ಹಾಗಂತ ದೊಡ್ಡ ರಿಂಗ್ ಸುಮ್ನೆ ಅಲ್ಲ. ಅದಿರುವುದು ಮುಖ್ಯವಾಗಿ ತೋಳಿಗೆ ಸ್ಲಿಂಗ್ (ರೈಫಲಿನ ಪಟ್ಟಿ) ಕಟ್ಟಿ, ಸ್ಕೋಪ್ ಇಲ್ಲದೆ ಹೊಡೆಯುವವರಿಗೆ. ನಾನೂ ಒಮ್ಮೆ ಹಾಗೆ ಮಲಗಿ ನೋಡಿದೆ. ಎದೆಬಡಿತಕ್ಕೆ ಮುಂದಿನ ಸೈಟು ಕುಣಿಯುವಾಗ 20 ಇಂಚು ಜಾಸ್ತಿ ಅಂತ ಒಂದು ಸಲವೂ ಅನಿಸಲಿಲ್ಲ. ಆಗ 10 ಇಂಚಿನ ಹತ್ತು ಕೊಟ್ಟಿದ್ದರೆ ಅದು ಸ್ಪರ್ಧೆ ಅಲ್ಲ, ಲಾಟರಿ. ಆದರೆ ಬೈಪಾಡ್, ಸ್ಕೋಪ್ ಎರಡೂ ಇದ್ದವರಿಗೆ ದೊಡ್ಡ ರಿಂಗ್ ತೀರಾ ಉದಾರಿ. ಒಳ್ಳೆಯವರೆಲ್ಲ 200ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಎಕ್ಸ್ ಎಣಿಸಿಯೇ ಗೆದ್ದವರನ್ನು ಆರಿಸಬೇಕಾಗುತ್ತದೆ. ಅದಕ್ಕಿಂತ ಎಕ್ಸನ್ನೇ ಹತ್ತು ಮಾಡುವುದು ವಾಸಿ, ಅಲ್ವಾ?

ಈಗ ಮಾಮೂಲಿ ಟಾರ್ಗೆಟ್ ಮುಂದೆ ಮಲಗಿದರೂ, ಸ್ಕೋರ್ ಪುಸ್ತಕದಲ್ಲಿ ಎಕ್ಸ್ ಒಳಗೆ ಪೆನ್ಸಿಲಿನಿಂದ ಇನ್ನೊಂದು ಪುಟ್ಟ ವೃತ್ತ ಬರೆದುಕೊಳ್ಳುತ್ತೇನೆ.