ಹಳೇ ಪತ್ರಿಕೆಯ ಫೋಟೋಗಳಿಂದ ಚುಕ್ಕಿ ತೆಗೆಯಲು ಇಮೇಜ್‌ಜೆ

ಹಳೇ ಪತ್ರಿಕೆಯ ಫೋಟೋ ಸ್ಕ್ಯಾನ್ ಮಾಡಿದರೆ ಮುಖದ ತುಂಬ ಹಾಫ್‌ಟೋನ್ ಚುಕ್ಕಿಗಳು (ಬೆಳಕು-ನೆರಳು ತೋರಿಸಲು ಮುದ್ರಣದಲ್ಲಿ ಬಳಸುವ ಸಣ್ಣ ಚುಕ್ಕಿಗಳು) ಎದ್ದು ಕಾಣುತ್ತವೆ. ಬ್ಲರ್ ಹಾಕಿದರೆ ಚುಕ್ಕಿಯ ಜೊತೆಗೆ ಕಣ್ಣು, ಮೀಸೆ, ಸೀರೆಯ ಅಂಚು ಎಲ್ಲವೂ ಮಂಕಾಗುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ವಿಜ್ಞಾನಿಗಳ ಬಳಕೆಗೆಂದು ರೂಪುಗೊಂಡ ಉಚಿತ ತಂತ್ರಾಂಶ ಇಮೇಜ್‌ಜೆ, ಚಿತ್ರವನ್ನು ಮರುಕಳಿಸುವ ಅಲೆಗಳಾಗಿ ಬಿಡಿಸಿ ತೋರಿಸುವ ಫೋರಿಯರ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ಬಳಸಿ ಚುಕ್ಕಿಯನ್ನಷ್ಟೇ ಕಿತ್ತು ಹಾಕಲು ಬಿಡುತ್ತದೆ. ಈ ಒಂದು ಕೆಲಸಕ್ಕಾದರೂ ಇದನ್ನು ಇಟ್ಟುಕೊಳ್ಳಲೇಬೇಕು.

ಮೊದಲು ಸ್ಕ್ಯಾನ್ ಸರಿಯಿರಬೇಕು. ಇಂಚಿಗೆ 85 ಗೆರೆಯ (ಅಂದರೆ 85 ಚುಕ್ಕಿಸಾಲಿನ) ಮುದ್ರಣವಾದರೆ 600 ಡಿಪಿಐನಲ್ಲಿ (ಇಂಚಿಗೆ 600 ಪಿಕ್ಸೆಲ್) ಚುಕ್ಕಿಯಿಂದ ಚುಕ್ಕಿಗೆ ಸುಮಾರು 7 ಪಿಕ್ಸೆಲ್. ನುಣುಪು ಕಾಗದದ 150 ಗೆರೆಯ ಮುದ್ರಣವನ್ನು 200 ಡಿಪಿಐಗೆ ಸ್ಕ್ಯಾನ್ ಮಾಡಿದಿರೋ, ಚುಕ್ಕಿಗಳು ಅಲೆಅಲೆಯ ಪಟ್ಟೆಗಳಾಗಿಬಿಡುತ್ತವೆ. ಆಮೇಲೆ ಯಾವ ಫಿಲ್ಟರೂ ಪೂರ್ತಿ ಬಿಡಿಸಲಾರದು.

ಚಿತ್ರವನ್ನು 8-ಬಿಟ್‌ಗೆ (ಕಪ್ಪು-ಬಿಳುಪಿಗೆ) ಬದಲಿಸಿ, ಪ್ರೋಸೆಸ್ ಮೆನುವಿನಲ್ಲಿ ಎಫ್‌ಎಫ್‌ಟಿ (ಫೋರಿಯರ್ ಟ್ರಾನ್ಸ್‌ಫಾರ್ಮ್‌ನ ವೇಗದ ರೂಪ) ಒತ್ತಿ. ತೆರೆದುಕೊಳ್ಳುವ ಚೌಕದ ನಡುವೆ ನಿಧಾನವಾಗಿ ಬದಲಾಗುವ ಬೆಳಕು-ನೆರಳು, ಹೊರಗೆ ಹೋದಂತೆ ಸೂಕ್ಷ್ಮ ವಿವರ. ಒಂದೇ ಅಂತರದಲ್ಲಿ ಮರುಕಳಿಸುವ ಹಾಫ್‌ಟೋನ್ ಇಡೀ ಚಿತ್ರವನ್ನು ಆವರಿಸಿದ್ದರೂ ಇಲ್ಲಿ ಕೆಲವೇ ಹೊಳೆಯುವ ಬಿಂದುಗಳಾಗಿ ಒಟ್ಟುಗೂಡುತ್ತದೆ. ಬಿಂದುವಿನ ಮೇಲೆ ಮೌಸ್ ಇಟ್ಟು ಮುಖ್ಯ ಕಿಟಕಿಯ ತಳ ನೋಡಿ: 7 ಪಿಕ್ಸೆಲ್ ಆಸುಪಾಸು, 45 ಡಿಗ್ರಿ ಎಂದಿದ್ದರೆ ಅದೇ ಹಾಫ್‌ಟೋನ್. ಓವಲ್ ಆಯ್ಕೆ ಎಳೆದು ಕಪ್ಪು ತುಂಬಿ. ಕೇಂದ್ರದ ಆಚೆ ಬದಿಯಲ್ಲಿರುವ ಅದರ ಜೋಡಿಯನ್ನೂ ಬಿಡಬೇಡಿ. ಪಿಕ್ಸೆಲ್ ಬೆಲೆ 0 ಆಗಿರಲೇಬೇಕು, ಕಡುಬೂದು ತುಂಬಿದರೆ ಏನೂ ಆಗದು. ನಂತರ ಅದೇ ಮೆನುವಿನ ಇನ್‌ವರ್ಸ್ ಎಫ್‌ಎಫ್‌ಟಿ ಒತ್ತಿದರೆ ಫೋಟೋ ಮರಳಿ ಬರುತ್ತದೆ.

ಹೊಸಬರು ಎಡವುವುದು ಎರಡು ಕಡೆ. ಕೇಂದ್ರದಿಂದ ಹೊರಡುವ ಅಡ್ಡ-ಉದ್ದದ ಬಿಳಿ ಗೆರೆಗಳನ್ನು ಕೊಳೆ ಎಂದುಕೊಂಡು ಅಳಿಸುತ್ತಾರೆ. ಚಿತ್ರದ ಎಡ-ಬಲ, ಮೇಲೆ-ಕೆಳಗಿನ ಅಂಚುಗಳು ಒಂದಕ್ಕೊಂದು ಹೊಂದದ್ದರಿಂದ ಮೂಡುವ ಗೆರೆಗಳವು, ಅವನ್ನು ಮುಟ್ಟಬೇಡಿ. ಇನ್ನೊಂದು, ವೃತ್ತ ದೊಡ್ಡದಾಗಿ ಕೇಂದ್ರದ ಹತ್ತಿರ ಬಂದರೆ ಮುಖದ ಅಂಚಿನ ಸುತ್ತ ನೆರಳು ಗೆರೆಗಳು ಏಳುತ್ತವೆ.

ಕೊರತೆಗಳೂ ಇವೆ. ಅನ್‌ಡೂ ಒಂದೇ ಹೆಜ್ಜೆ, ಹಾಗಾಗಿ ಪ್ರತಿ ಇಟ್ಟುಕೊಂಡೇ ಕೆಲಸ ಮಾಡಿ. 5000 ಪಿಕ್ಸೆಲ್ ಅಗಲದ ಚಿತ್ರವನ್ನು ಅದು ಖಾಲಿ ಜಾಗ ಸೇರಿಸಿ, ಮುಂದಿನ ಎರಡರ ಘಾತವಾದ 8192ರ ಚೌಕ ಮಾಡಿಕೊಳ್ಳುವುದರಿಂದ ಮೆಮೊರಿ ಬೇಗ ತುಂಬುತ್ತದೆ. 2048ರ ತುಂಡು ಕತ್ತರಿಸಿಕೊಳ್ಳುವುದು ಒಳ್ಳೆಯದು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ ಬಿಡಿಸಿ, ಬೇರೆಬೇರೆಯಾಗಿ ಶುಚಿಮಾಡಿ ಮತ್ತೆ ಕೂಡಿಸಬೇಕು. ನಾಲ್ಕು ಬಣ್ಣದ ಮುದ್ರಣದಲ್ಲಿ ಒಂದೊಂದು ಶಾಯಿಯ ಕೋನವೂ ಬೇರೆ, ಬಿಂದುಗಳೂ ಹೆಚ್ಚು, ತಾಳ್ಮೆ ಬೇಕು.

ಸ್ಕ್ಯಾನರ್‌ನ ಉದ್ದುದ್ದ ಗೆರೆಗಳಷ್ಟೇ ತೊಂದರೆಯಾದರೆ ಅದೇ ಮೆನುವಿನ ಬ್ಯಾಂಡ್‌ಪಾಸ್ ಫಿಲ್ಟರ್‌ನಲ್ಲಿ ಗೆರೆ ಅಳಿಸುವ ಆಯ್ಕೆ ಸಾಕು. ಆದರೆ ಆಟೋಸ್ಕೇಲ್ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮೂಲ ಫೋಟೋದ ಕಾಂಟ್ರಾಸ್ಟ್ ಬದಲಾಗುತ್ತದೆ.