ಹೊಸಬನಿಗೆ ರೂನ್‌ಸ್ಕೇಪಾ, ಆಲ್ಬಿಯನ್ನಾ? ಗಂಗಾವತಿಯಿಂದ ನಾಲ್ಕು ತಿಂಗಳು ಆಡಿ ನೋಡಿದ್ದು

ಗಂಗಾವತಿಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬಿಡುವಾಗುವುದು ರಾತ್ರಿ ಎಂಟಕ್ಕೆ. ಊಟ ಮುಗಿಸಿದ ಮೇಲೆ ಹತ್ತರಿಂದ ಹನ್ನೊಂದೂವರೆ ತನಕ ನನ್ನ ಸಮಯ. ಆ ಒಂದೂವರೆ ಗಂಟೆ ಕತ್ತಿ, ಮಂತ್ರ, ರಾಕ್ಷಸರಿರುವ ದೊಡ್ಡ ಆನ್‌ಲೈನ್ ಲೋಕವೊಂದರಲ್ಲಿ ನಾಲ್ಕು ಜನರ ಜೊತೆ ಸೇರಿ ಆಡಬೇಕು ಅಂತ ಬಹಳ ದಿನದ ಆಸೆ. ಗುಂಡು ಹಾರಿಸುವ ಆಟ ಅಂದರೆ ನಮ್ಮ ಓಣಿಯ ಹುಡುಗರಿಗೆಲ್ಲ ಗೊತ್ತು. ಈ ತರಹದ ಆಟ ಆಡುವವರು ಮಾತ್ರ ನನ್ನ ಪರಿಚಯದಲ್ಲಿ ಒಬ್ಬರೂ ಇರಲಿಲ್ಲ. ಕೇಳಿದರೆ ಹೇಳುವವರಿಲ್ಲದೆ ಒಬ್ಬನೇ ಕಲಿತೆ. ಎಷ್ಟೋ ರಾತ್ರಿ ಫೋನ್ ಬದಿಗಿಟ್ಟು ಬೇಜಾರಿನಲ್ಲೇ ಮಲಗಿದ್ದೇನೆ. ನನ್ನ ಹಾಗೇ ಶುರು ಮಾಡುವ ಇನ್ನೊಬ್ಬರಿಗೆ ಇಷ್ಟು ಕಷ್ಟ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು 4 ಜಿಬಿ ರ‍್ಯಾಮ್‌ನ ಮೂರು ವರ್ಷದ ಹಳೆಯ ಫೋನ್, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಮನೆಗೆ ಫೈಬರ್ ಇದೆ. ಆದರೆ ಕರೆಂಟ್ ಹೋದರೆ ರೌಟರೂ ಹೋಗುತ್ತೆ, ಆಗ ಮೊಬೈಲ್ ಡೇಟಾನೇ ಗತಿ. ಮೂರು ಆಟ ಆಡಿದೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್, ಆಲ್ಬಿಯನ್ ಆನ್‌ಲೈನ್, ಗಿಲ್ಡ್ ವಾರ್ಸ್ 2. ಮೊದಲ ಎರಡನ್ನು ಚೆನ್ನಾಗಿ ಆಡಿದ್ದೇನೆ. ಮೂರನೆಯದು ಹದಿನೈದು ದಿನ ಅಷ್ಟೇ.

ರೂನ್‌ಸ್ಕೇಪ್ ಹಳೆಯ ಆಟ. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿಯದು, 2001ರಲ್ಲಿ ಬಂದದ್ದು. ಬರುಬರುತ್ತಾ ಆಟ ಬದಲಾಗಿ, ಹಳೆಯದೇ ಬೇಕು ಅಂತ ಜನ ಪಟ್ಟು ಹಿಡಿದರು. ಆಗ 2007ರ ಪ್ರತಿಯನ್ನು ಹೊರತೆಗೆದು 2013ರಲ್ಲಿ ಓಲ್ಡ್ ಸ್ಕೂಲ್ ಅಂತ ಬಿಟ್ಟರು. ನಾನು ಆಡಿದ್ದು ಇದನ್ನೇ, ಮುಂದೆ ರೂನ್‌ಸ್ಕೇಪ್ ಅಂದರೆ ಇದೇ. ಫೋನಿಗೆ ಬಂದದ್ದು 2018ರಲ್ಲಿ. ಚಿತ್ರಗಳು ಮಣ್ಣಿನ ಗೊಂಬೆಗಳ ಹಾಗಿವೆ. ಮೊದಲ ದಿನ ನೋಡಿ ಇದೇನಪ್ಪಾ ಅನ್ನಿಸಿತು. ಒಂದು ವಾರದಲ್ಲಿ ಅದೇ ಇಷ್ಟ ಆಯಿತು.

ಶುರುವಿಗೆ ಒಂದು ದ್ವೀಪದಲ್ಲಿ ಪಾಠ ಹೇಳಿ, ಲಂಬ್ರಿಡ್ಜ್ ಅನ್ನುವ ಊರಿಗೆ ತಂದು ಬಿಡುತ್ತಾರೆ. ಅಲ್ಲಿ ಕೋಟೆಯ ಅಡುಗೆಯವನು ಒಂದು ಕೆಲಸ ಹೇಳುತ್ತಾನೆ. ದೊರೆಯ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು, ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ತಂದುಕೊಡು ಅಂತ. ಏನು ತರಬೇಕು ಅಂತ ಹೇಳುತ್ತಾನೆ, ಹೇಗೆ ಅನ್ನುವುದನ್ನು ನಾವೇ ಹುಡುಕಬೇಕು. ಮೊಟ್ಟೆ, ಹಾಲು ಬೇಗ ಸಿಕ್ಕವು. ಹಿಟ್ಟಿಗೆ ಮಾತ್ರ ಒದ್ದಾಡಿದೆ. ಹೊಲದಲ್ಲಿ ಗೋಧಿ ಕಿತ್ತೆ. ಪಕ್ಕದ ಗಾಳಿ ಗಿರಣಿಯ ಏಣಿ ಹತ್ತಿದೆ. ಮೇಲಿನ ಮಹಡಿಯ ಹಾಪರ್‌ಗೆ (ಕಾಳು ಸುರಿಯುವ ಬಾಯಿ) ಗೋಧಿ ಸುರಿದು ಹಿಡಿಕೆ ಎಳೆದೆ. ಏನೂ ಬರಲಿಲ್ಲ. ಇನ್ನೊಂದು ಸಲ ಗೋಧಿ ತಂದೆ, ಸುರಿದೆ, ಎಳೆದೆ. ಅರ್ಧ ಗಂಟೆ ಹೀಗೇ ಹೋಯಿತು.

ಆಮೇಲೆ ನಮ್ಮೂರ ಅಕ್ಕಿ ಗಿರಣಿ ನೆನಪಾಯಿತು. ಅಲ್ಲೂ ಭತ್ತ ಮೇಲಕ್ಕೆ ಹೋಗುತ್ತೆ, ಅಕ್ಕಿ ಕೆಳಗೆ ಬೀಳುತ್ತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿ ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದದ್ದು ಕೆಳಗೇ ಅಲ್ವಾ. ಏಣಿ ಇಳಿದು ಬಂದೆ. ನೆಲಮಹಡಿಯ ಡಬ್ಬಿಯಲ್ಲಿ ಹಿಟ್ಟು ಬಿದ್ದಿತ್ತು. ತುಂಬಿಕೊಳ್ಳಲು ನನ್ನ ಹತ್ತಿರ ಮಡಕೆ ಇರಲಿಲ್ಲ. ಅದು ಕೋಟೆಯ ಅಡುಗೆಮನೆಯಲ್ಲೇ ಇತ್ತು. ವಾಪಸ್ ನಡೆದೆ. ಹಿಟ್ಟು ಒಯ್ದು ಕೊಟ್ಟಾಗ ಆದ ಖುಷಿಯನ್ನು ಹೇಗೆ ಹೇಳಲಿ! ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡಿದ್ದೆ.

ಇದೇ ಗುಣ ಇನ್ನೊಂದು ಕಡೆ ನೋಯಿಸುತ್ತೆ. ಚೀಲದಲ್ಲಿ 28 ವಸ್ತುಗಳಿಗೆ ಮಾತ್ರ ಜಾಗ. ಸಾಮಾನು ಇಡುವ ಬ್ಯಾಂಕ್ ಎಲ್ಲಿದೆ ಅಂತ ಗೊತ್ತಾಗದೆ ಎರಡು ದಿನ ಒಳ್ಳೆಯ ವಸ್ತುಗಳನ್ನೆಲ್ಲ ನೆಲಕ್ಕೆ ಹಾಕುತ್ತಾ ಓಡಾಡಿದೆ. ಬ್ಯಾಂಕ್ ಅದೇ ಕೋಟೆಯ ಮೇಲಿನ ಮಹಡಿಯಲ್ಲಿದೆ. ನಾನು ಕೆಳಗಿನ ಅಡುಗೆಮನೆಗೆ ದಿನಾ ಹೋಗಿ ಬರುತ್ತಿದ್ದೆ.

ಇನ್ನು ವ್ಯಾಪಾರ. ಹಣ ಕಟ್ಟದೆ ಆಡುವ ಹೊಸ ಖಾತೆಗೆ ದೊಡ್ಡ ಮಾರುಕಟ್ಟೆಯಲ್ಲಿ ಕೆಲವು ವಸ್ತುಗಳ ಮೇಲೆ ನಿರ್ಬಂಧ ಇದೆ. 20 ಗಂಟೆ ಆಡಿರಬೇಕು, 10 ಕ್ವೆಸ್ಟ್ ಪಾಯಿಂಟ್ (ಅಡುಗೆಯವನು ಹೇಳಿದಂಥ ಕೆಲಸ ಮುಗಿಸಿದರೆ ಸಿಗುವ ಅಂಕ) ಇರಬೇಕು, ಎಲ್ಲ ವಿದ್ಯೆಗಳ ಲೆವೆಲ್ ಸೇರಿ ಒಟ್ಟು 100 ಆಗಿರಬೇಕು. ಯಂತ್ರದಿಂದ ಆಡಿಸಿ ನಾಣ್ಯ ಮಾರುವವರನ್ನು ತಡೆಯಲು ಮಾಡಿದ ನಿಯಮ ಇದು. ಕಾರಣ ಸರಿಯೇ. ಆದರೆ ದಿನಕ್ಕೆ ಒಂದೂವರೆ ಗಂಟೆ ಆಡುವವನಿಗೆ 20 ಗಂಟೆ ಅಂದರೆ ಎರಡು ವಾರ. ಇದು ಮೊದಲೇ ಗೊತ್ತಿದ್ದರೆ ಕ್ವೆಸ್ಟ್‌ಗಳನ್ನೇ ಮೊದಲು ಮಾಡುತ್ತಿದ್ದೆ. ನೀವು ಹಾಗೇ ಮಾಡಿ.

ಮೋಸದ ಮಾತೂ ಹೇಳಲೇಬೇಕು. ಮಾರುಕಟ್ಟೆಯ ಹತ್ತಿರ ಒಬ್ಬ ಆಟಗಾರ ನಿಂತು, ನಾಣ್ಯ ಕೊಟ್ಟರೆ ಎರಡರಷ್ಟು ಮಾಡಿ ಕೊಡ್ತೀನಿ ಅಂತ ಕೂಗುತ್ತಿದ್ದ. ಮೊದಲು ಸ್ವಲ್ಪ ಕೊಟ್ಟೆ, ನಿಜವಾಗಿಯೂ ಎರಡರಷ್ಟು ಕೊಟ್ಟ. ಆಮೇಲೆ ನಾಲ್ಕು ರಾತ್ರಿ ಸೇರಿಸಿದ್ದನ್ನೆಲ್ಲ ಕೊಟ್ಟೆ. ಮಾಯವಾದ. ಆವತ್ತು ನಿದ್ದೆ ಬರಲಿಲ್ಲ. ನಾಣ್ಯ ಹೋಯಿತು ಅಂತಲ್ಲ, ಅಲ್ಲಿ ನಿಂತಿದ್ದ ಹತ್ತಾರು ಜನರಿಗೆ ಇದು ಮೋಸ ಅಂತ ಗೊತ್ತಿತ್ತು, ಒಬ್ಬರೂ ಹೇಳಲಿಲ್ಲವಲ್ಲ ಅಂತ.

ಸಾವಿನ ವಿಷಯದಲ್ಲಿ ಮಾತ್ರ ಈ ಆಟದ ಮನಸ್ಸು ಮೆತ್ತಗೆ. ವಾರಕ್ ಪಟ್ಟಣಕ್ಕೆ ದಕ್ಷಿಣದಿಂದ ಹೋಗುವಾಗ ಕಪ್ಪು ಮಾಂತ್ರಿಕರು ಇದ್ದಾರೆ. ತಮ್ಮ ಪಾಡಿಗೆ ಹೋಗುವ ಹೊಸಬರ ಮೇಲೆ ಬೀಳುವವರು. ನಾನೂ ಅಲ್ಲೇ ಸತ್ತೆ. ಮೊದಲ ಸಲ ಸತ್ತಾಗ ಸಾವೇ ಒಬ್ಬ ಮನುಷ್ಯನ ಹಾಗೆ ಎದುರು ಕೂತು ನಿಯಮ ವಿವರಿಸುತ್ತೆ. ಇದ್ದುದರಲ್ಲಿ ಬೆಲೆಬಾಳುವ ಮೂರು ವಸ್ತು ಕೈಯಲ್ಲೇ ಉಳಿಯುತ್ತವೆ. ಮಿಕ್ಕದ್ದು ಸತ್ತ ಜಾಗದ ಗೋರಿಯಲ್ಲಿ 15 ನಿಮಿಷ ಇರುತ್ತೆ, ಓಡಿ ಹೋಗಿ ತಗೋಬಹುದು. ತಡವಾದರೂ ಸಾವಿನ ಹತ್ತಿರ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಉತ್ತರದ ವೈಲ್ಡರ್‌ನೆಸ್ ಪ್ರದೇಶ ಬೇರೆ. ಅಲ್ಲಿ ಬೇರೆ ಆಟಗಾರರು ಕೊಂದು ದೋಚಬಹುದು, ಯಾರು ಕರೆದರೂ ಹೋಗಬೇಡಿ.

ಆಲ್ಬಿಯನ್‌ದು ಇದಕ್ಕೆ ಪೂರ್ತಿ ತಿರುಗುಮುರುಗು. ಬರ್ಲಿನ್‌ನ ಸ್ಯಾಂಡ್‌ಬಾಕ್ಸ್ ಇಂಟರ‍್ಯಾಕ್ಟಿವ್ 2017ರಲ್ಲಿ ತಂದ ಆಟ, ಫೋನಿಗೆ ಬಂದದ್ದು 2021ರ ಜೂನ್‌ನಲ್ಲಿ. ಶುರುವಿನಲ್ಲಿ ಕೈ ಹಿಡಿದು ನಡೆಸುತ್ತೆ. ಮರ ಕಡಿ, ಕಲ್ಲು ಒಡೆ, ಕತ್ತಿ ಮಾಡಿಕೋ, ಕುದುರೆ ಹತ್ತು. ಬಾಣದ ಗುರುತು ಹಿಡಿದು ಹೋದರೆ ಸಾಕು. ಯೋಧ, ಮಾಂತ್ರಿಕ ಅಂತ ಮೊದಲೇ ಆರಿಸುವ ತಲೆಬಿಸಿ ಇಲ್ಲ. ಯಾವ ಆಯುಧ, ಯಾವ ಬಟ್ಟೆ ಹಾಕಿಕೊಂಡಿದ್ದೀರೋ ಅದೇ ನೀವು. ಇವತ್ತು ಬಿಲ್ಲು, ನಾಳೆ ಮಂತ್ರದಂಡ. ಇದು ನನಗೆ ತುಂಬಾ ಹಿಡಿಸಿತು.

ನನ್ನ ಮೊದಲ ತಪ್ಪು ಸರ್ವರ್ (ಆಟವನ್ನು ನಡೆಸುವ ಕಂಪ್ಯೂಟರ್) ಆಯ್ಕೆ. ಸುಮ್ನೆ ಅಮೆರಿಕದ್ದನ್ನು ಒತ್ತಿಬಿಟ್ಟೆ. ದೂರದ್ದಾದರೆ ಆಟ ತಡವಾಗಿ ಸ್ಪಂದಿಸುತ್ತೆ. ಏಷ್ಯಾದ ಸರ್ವರ್ ಬೇರೆಯೇ ಇದೆ, 2023ರಲ್ಲಿ ಶುರುವಾದದ್ದು, ಸಿಂಗಾಪುರದಲ್ಲಿದೆ. ಒಂದರ ಪಾತ್ರವನ್ನು ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ. ಎರಡು ವಾರದ ಕೆಲಸ ಅಲ್ಲೇ ಬಿಟ್ಟು ಹೊಸದಾಗಿ ಶುರು ಮಾಡಿದೆ. ರೂನ್‌ಸ್ಕೇಪ್‌ನಲ್ಲಿ ಈ ಕಷ್ಟ ಇಲ್ಲ. ಪ್ರತಿ ಸಲ ಒಳಗೆ ಹೋಗುವಾಗ ಬೇಕಾದ ಲೋಕ (ಅಲ್ಲಿ ಸರ್ವರ್‌ಗೆ ಹೇಳುವ ಹೆಸರು) ಆರಿಸಬಹುದು, ಪಾತ್ರ ಅದೇ ಇರುತ್ತೆ.

ಆಮೇಲೆ ಬಂದದ್ದು ಬಣ್ಣಗಳ ಪಾಠ. ಆಲ್ಬಿಯನ್‌ನಲ್ಲಿ ಪ್ರದೇಶಗಳಿಗೆ ಬಣ್ಣ ಇದೆ. ನೀಲಿಯಲ್ಲಿ ಭಯ ಇಲ್ಲ. ಹಳದಿಯಲ್ಲಿ ಬೇರೆ ಆಟಗಾರರು ನಮ್ಮನ್ನು ಬೀಳಿಸಬಹುದು, ಆದರೆ ಮೈಮೇಲಿನ ಸಾಮಾನು ಕಿತ್ತುಕೊಳ್ಳುವ ಹಾಗಿಲ್ಲ. ಕೆಂಪು ಮತ್ತು ಕಪ್ಪಿನಲ್ಲಿ ಫುಲ್ ಲೂಟ್. ಕೆಂಪಿಗೆ ಕಾಲಿಡುವಾಗ ಎಚ್ಚರಿಕೆ ಬರುತ್ತೆ. ನಾನೂ ಓದಿದೆ. ಆ ಎರಡು ಪದಗಳ ಭಾರ ಎಷ್ಟು ಅಂತ ತಿಳಿಯಲಿಲ್ಲ. ಒಳ್ಳೆಯ ಮರ ಸಿಗುತ್ತೆ ಅಂತ ಹೋದೆ. ಮುಕ್ಕಾಲು ಗಂಟೆ ಕಡಿದು ಚೀಲ ತುಂಬಿಸಿದೆ. ಗೇಟ್ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಮೂವರು ಕುದುರೆ ಸವಾರರು ಬಂದರು. ಮೊದಲ ಹೊಡೆತಕ್ಕೆ ಕುದುರೆಯಿಂದ ಇಳಿದೆ, ಎರಡನೆಯದಕ್ಕೆ ಅಲುಗಾಡಲು ಆಗಲಿಲ್ಲ. ಮರ, ಕೊಡಲಿ, ಬಟ್ಟೆ, ಬೂಟು ಎಲ್ಲ ಹೋದವು. ಗೋರಿ ಇಲ್ಲ, 15 ನಿಮಿಷ ಇಲ್ಲ. ಸತ್ತವನ ವಸ್ತುಗಳಲ್ಲಿ ಕೆಲವು ನಾಶವಾಗುತ್ತವೆ, ಉಳಿದದ್ದು ಕೊಂದವನಿಗೆ.

ಫೋನ್ ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದೆ. ಅಮ್ಮ ಬಂದು, "ಏನಾತೋ, ಯಾಕ ಹಂಗ ಕುಂತಿ?" ಅಂದಳು. ಏನು ಹೇಳಲಿ?

ಎರಡು ದಿನ ಆಟ ತೆರೆಯಲಿಲ್ಲ. ಮೂರನೇ ದಿನ ಅಂಗಡಿಯಲ್ಲಿ ಯೂರಿಯಾ ಚೀಲ ಎಣಿಸುವಾಗ ವಿಷಯ ತಲೆಗೆ ಹೋಯಿತು. ಈ ಆಟದಲ್ಲಿ ಹೆಚ್ಚುಕಡಿಮೆ ಎಲ್ಲ ಆಯುಧ, ಎಲ್ಲ ಬಟ್ಟೆಯನ್ನೂ ಆಟಗಾರರೇ ಮಾಡುತ್ತಾರೆ, ಆಟಗಾರರೇ ಕೊಳ್ಳುತ್ತಾರೆ. ರೈತ ಒಯ್ದ ಗೊಬ್ಬರ ಹೊಲದಲ್ಲಿ ಮುಗಿದರೆ ತಾನೇ ಮುಂದಿನ ಬೆಳೆಗೆ ಮತ್ತೆ ಬರುವುದು? ಆಟದಲ್ಲಿ ಸಾಮಾನು ಹಾಳಾಗದಿದ್ದರೆ ಕಮ್ಮಾರನಿಗೆ ಕೆಲಸವೇ ಇಲ್ಲ. ನನ್ನ ನಷ್ಟಕ್ಕೆ ಒಂದು ಅರ್ಥ ಇತ್ತು. ಮೊದಲೇ ತಿಳಿದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮುಂದೆ ಹೇಗೆ ಆಡಬೇಕು ಅಂತ ತಿಳಿಸಿದವನು ಹೊಸಪೇಟೆಯ ಒಬ್ಬ ಹುಡುಗ. ಮಾರ್ಟ್‌ಲಾಕ್ ಪಟ್ಟಣದಲ್ಲಿ ನಿಂತು ದಿನಾ ಚಾಟ್‌ನಲ್ಲಿ ಕನ್ನಡದವರು ಯಾರಾದರೂ ಇದ್ದೀರಾ ಅಂತ ಹಾಕುತ್ತಿದ್ದೆ. ಮೂರು ದಿನ ಉತ್ತರ ಇಲ್ಲ. ನಾಲ್ಕನೇ ರಾತ್ರಿ ಒಂದು ಸಾಲು ಬಂತು: "ಯಾವೂರು?" ಎದೆ ಧಸಕ್ ಅಂದಿತು. ತುಂಗಭದ್ರೆಯ ಈ ದಡದಲ್ಲಿ ನಾನು, ಆ ದಡದಲ್ಲಿ ಅವನು. ಭೇಟಿಯಾದದ್ದು ಸಿಂಗಾಪುರದ ಸರ್ವರ್‌ನಲ್ಲಿ. ಅವನು ಕಲಿಸಿದ್ದು ಇಷ್ಟೇ: ಕಳೆದುಕೊಂಡರೆ ನಾಳೆಯೇ ಮತ್ತೆ ಕೊಳ್ಳಲು ಆಗದ ಸಾಮಾನು ಹಾಕಿಕೊಂಡು ಕೆಂಪಿಗೆ ಹೋಗಬೇಡ. ಚೀಲ ಅರ್ಧ ತುಂಬಿದರೆ ವಾಪಸ್ ಬಾ. ಒಬ್ಬನೇ ಹೋಗಬೇಡ. ಆವತ್ತಿನಿಂದ ಆಲ್ಬಿಯನ್ ನನಗೆ ಬೇರೆಯೇ ಆಟ ಆಯಿತು. ಇಬ್ಬರಿದ್ದರೆ ಸೋತರೂ ಮಾತಾಡಿಕೊಂಡು ಹಗುರಾಗುತ್ತೇವೆ.

ಗಿಲ್ಡ್ ವಾರ್ಸ್ 2 ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2012ರ ಆಟ, 2015ರಿಂದ ಮೂಲ ಆಟ ಉಚಿತ, ತಿಂಗಳ ಚಂದಾ ಇಲ್ಲ. ಹೊಸಬರ ಮೇಲೆ ಇಷ್ಟು ಪ್ರೀತಿ ಇಟ್ಟ ಆಟವನ್ನು ನಾನು ಬೇರೆ ನೋಡಿಲ್ಲ. ಒಂದು ರಾಕ್ಷಸನನ್ನು ಹತ್ತು ಜನ ಹೊಡೆದರೆ ಹತ್ತೂ ಜನರಿಗೆ ಅವರವರ ಪಾಲು ಸಿಗುತ್ತೆ. ನಾನು ಅಗೆಯುವ ಅದಿರನ್ನು ಇನ್ನೊಬ್ಬ ಕಸಿದುಕೊಳ್ಳಲು ಆಗುವುದಿಲ್ಲ. ಬಿದ್ದರೆ ಕೂಡಲೇ ಸಾಯುವುದಿಲ್ಲ, ಬಿದ್ದಲ್ಲಿಂದಲೇ ಹೋರಾಡಬಹುದು, ದಾರಿಹೋಕರು ಬಂದು ಎಬ್ಬಿಸುತ್ತಾರೆ. ಎಬ್ಬಿಸಿದರು ಕೂಡ, ಹೆಸರು ಗೊತ್ತಿಲ್ಲದವರು, ಎಷ್ಟೋ ಸಲ. ಆದರೆ ಇದು ಫೋನಿನಲ್ಲಿ ಇಲ್ಲ. ನಮಗೆ ಸಿಗುವ ಸರ್ವರ್‌ಗಳು ಅಮೆರಿಕ, ಯುರೋಪ್‌ನಲ್ಲಿ ಮಾತ್ರ. ನನ್ನ ಹಳೆಯ ಲ್ಯಾಪ್‌ಟಾಪ್ ಜನ ಸೇರಿದ ಕಡೆ ನಿಂತು ನಿಂತು ಓಡುತ್ತಿತ್ತು, ಏಪ್ರಿಲ್ ಸೆಕೆಯಲ್ಲಿ ಮುಟ್ಟಲು ಆಗದಷ್ಟು ಬಿಸಿ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ. ಒಳ್ಳೆಯ ಲ್ಯಾಪ್‌ಟಾಪ್ ಕೊಂಡ ದಿನ ಮೊದಲು ಹಾಕುವುದು ಇದನ್ನೇ.

ನಮ್ಮ ಕಡೆಯ ಕರೆಂಟ್, ನೆಟ್ ನೋಡಿದರೆ ರೂನ್‌ಸ್ಕೇಪ್ ಗೆಲ್ಲುತ್ತೆ. ಅದರ ಲೋಕ ನಡೆಯುವುದೇ 0.6 ಸೆಕೆಂಡಿಗೆ ಒಂದು ಹೆಜ್ಜೆಯಂತೆ. ಹಾಗಾಗಿ ನೆಟ್ ಸ್ವಲ್ಪ ನಿಧಾನವಾದರೂ ಆಟ ಕೆಡುವುದಿಲ್ಲ. ರೌಟರ್ ಆರಿ ಮೊಬೈಲ್ ಡೇಟಾಗೆ ಹಾರಿದರೂ ಮೀನು ಹಿಡಿಯುವ ಕೆಲಸ ಮುಂದುವರಿಯುತ್ತೆ. ಆಲ್ಬಿಯನ್‌ನ ಕೆಂಪು ಪ್ರದೇಶದಲ್ಲಿ ಎರಡು ಸೆಕೆಂಡ್ ನೆಟ್ ಹೋದರೂ ಮುಗಿಯಿತು. ಮೋಡ ಕವಿದ ರಾತ್ರಿ ನಾನು ಆಲ್ಬಿಯನ್ ತೆರೆಯುವುದೇ ಇಲ್ಲ.

ಮೂರರಲ್ಲೂ ಕನ್ನಡ ಇಲ್ಲ. ರೂನ್‌ಸ್ಕೇಪ್‌ನ ಮಾತುಗಳು ಸರಳ ಇಂಗ್ಲಿಷ್, ನಮ್ಮ ಗತಿಯಲ್ಲಿ ಒಂದೊಂದೇ ಸಾಲು ಓದಬಹುದು. ನಾನು ಒಂದು ನೋಟ್‌ಬುಕ್ ಇಟ್ಟು ಹೊಸ ಪದಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಈಗ ನಲವತ್ತು ಪುಟ ಆಗಿದೆ.

ಒಬ್ಬರೇ ಇದ್ದರೆ, ಫೋನ್ ಒಂದೇ ಇದ್ದರೆ, ರೂನ್‌ಸ್ಕೇಪ್ ಉಚಿತ ಲೋಕದಿಂದ ಶುರು ಮಾಡಿ. ಆತುರ ಬೇಡ. ಮೀನು ಹಿಡಿಯುವಂಥ ಒಂದು ವಿದ್ಯೆಯನ್ನು 99ನೇ ಲೆವೆಲ್‌ಗೆ ಒಯ್ಯಲು 1 ಕೋಟಿ 30 ಲಕ್ಷಕ್ಕೂ ಜಾಸ್ತಿ ಅನುಭವದ ಅಂಕ ಬೇಕು, 92ಕ್ಕೆ ಮುಟ್ಟಿದಾಗ ಅರ್ಧ ದಾರಿ ಅಷ್ಟೇ. ಓಡಿ ಮುಗಿಸುವ ಆಟ ಅದಲ್ಲ. ಗೆಳೆಯರೊಬ್ಬರು ಜೊತೆಗಿದ್ದರೆ ಆಲ್ಬಿಯನ್ ಹಾಕಿಕೊಳ್ಳಿ, ಏಷ್ಯಾ ಸರ್ವರ್ ಅನ್ನೇ ಒತ್ತಿ, ಮೊದಲ ತಿಂಗಳು ನೀಲಿ, ಹಳದಿ ಬಿಟ್ಟು ಆಚೆ ಹೋಗಬೇಡಿ. ಯಾವ ಆಟಕ್ಕೂ ಹೊರಗಿನವರಿಂದ ನಾಣ್ಯ ಕೊಳ್ಳಬೇಡಿ, ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು.

ಸಿಂಧನೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೋದ ವಾರ ರೂನ್‌ಸ್ಕೇಪ್ ಶುರು ಮಾಡಿದ. ಏನೂ ಹೇಳಿಕೊಡಬೇಡ, ನಾನೇ ನೋಡ್ತೀನಿ ಅಂದಿದ್ದ. ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಅಣ್ಣಾ, ಗೋಧಿ ಹಾಕೀನಿ, ಹಿಡಿಕಿ ಎಳದೀನಿ. ಹಿಟ್ಟ ಎಲ್ಲಿ ಬೀಳ್ತೈತಿ?"

"ನಿಮ್ಮೂರ ಗಿರಣಿಯಾಗ ಎಲ್ಲಿ ಬೀಳ್ತೈತಿ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಜೋರಾಗಿ ನಕ್ಕ. ಅವನು ಏಣಿ ಇಳಿಯುವಷ್ಟರಲ್ಲಿ ಕೇಳಿದೆ, "ಮಡಿಕಿ ತಂದೀಯೇನೋ?"