ಪರ್ಲ್, ಎಪಿಎಲ್, ಜೆ: ಮೂರು ತಿಂಗಳು ಬಿಟ್ಟು ಓದಿದಾಗ

ನಮ್ಮ ತೋಟದ 20 ವರ್ಷದ ಮಳೆ ಲೆಕ್ಕ ಒಂದು ಕಡತದಲ್ಲಿದೆ. ವರ್ಷಕ್ಕೊಂದು ಸಾಲು, ಐದು ವರ್ಷಕ್ಕೊಂದು ಖಾಲಿ ಸಾಲು. ಹೆಚ್ಚು ಮಳೆ ಬಿದ್ದ ವರ್ಷ ಮೇಲೆ ಬರುವಂತೆ ಜೋಡಿಸುವ ಪುಟ್ಟ ಪ್ರೋಗ್ರಾಂ ಒಂದನ್ನು, ಓದಲಾಗದವೆಂದು ಬೈಸಿಕೊಳ್ಳುವ ಪರ್ಲ್, ಎಪಿಎಲ್, ಜೆ ಎಂಬ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದೆ. ಟಿಪ್ಪಣಿ ಹಾಕಲಿಲ್ಲ. ಮೂರು ತಿಂಗಳ ನಂತರ ತೆರೆದೆ.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್‌ನಲ್ಲಿ `$_` ಎಂದರೆ 'ಅದು', ಅಂದರೆ ಸದ್ಯ ಕೈಯಲ್ಲಿರುವುದು. 'ಅದನ್ನು ಅಲ್ಲಿಡು' ಎಂದರೆ ಮನೆಯವರಿಗೆ ತಿಳಿಯುತ್ತದೆ, ನೆಂಟರಿಗೆ ತಿಳಿಯುವುದಿಲ್ಲ. ಮೂರು ತಿಂಗಳಲ್ಲಿ ನಾನೇ ನೆಂಟನಾಗಿದ್ದೆ. ಐದೈದು ವರ್ಷ ಒಟ್ಟಿಗೆ ಏಕೆ ಬರುತ್ತಿವೆ ಎಂದು ಅರ್ಧ ಗಂಟೆ ಹುಡುಕಿದೆ. ಮೇಲಿನ ಸಾಲಿನಲ್ಲಿ, ಒಂದು ಓದು ಎಲ್ಲಿ ನಿಲ್ಲಬೇಕೆಂದು ಹೇಳುವ `$/` ಅನ್ನು ಖಾಲಿ ಮಾಡಿಟ್ಟಿದ್ದೆ, ಹಾಗೆ ಮಾಡಿದರೆ ಓದು ಖಾಲಿ ಸಾಲಿನವರೆಗೆ ಸಾಗುತ್ತದೆ. ಆದರೆ ಇದು ನನ್ನ ಸೋಮಾರಿತನ. ಹೆಸರಿಟ್ಟು ಬರೆದರೆ ಪರ್ಲ್ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ.

ಎಪಿಎಲ್‌ನಲ್ಲಿ ಕೆಲಸವೆಲ್ಲ ಇಷ್ಟೇ: `⍵[⍒+/⍵;]`. ನೋಡಿದವರು ಗಾಬರಿಯಾಗುತ್ತಾರೆ. ಬಲದಿಂದ ಓದಿ: `⍵` ನಮ್ಮ ಅಂಕಿಗಳು, `+/` ಒಂದೊಂದು ಸಾಲಿನ ಮೊತ್ತ, ಕೆಳಮುಖದ ತ್ರಿಕೋನ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ. ಗುಣಾಕಾರಕ್ಕೂ ಇಲ್ಲಿ ಆದ್ಯತೆಯಿಲ್ಲ. `3×2+1` ಎಂದರೆ 9. ಸಾಲನ್ನು ಎಡಬಲ ತಿರುಗಿಸುವ `⌽` ನೋಡಿ, ವೃತ್ತದ ನಡುವೆ ಕನ್ನಡಿಯೇ ನಿಂತಂತಿದೆ. ಕೆನೆತ್ ಐವರ್ಸನ್ ಇದನ್ನು ಮೊದಲು ಗಣಿತದ ಬರಹಕ್ಕೆಂದೇ ರೂಪಿಸಿದರು, ಅದು ಕಾಣುತ್ತದೆ. ಈ ಗುರುತುಗಳು ಸಾಧಾರಣ ಕೀಲಿಮಣೆಯಲ್ಲಿಲ್ಲ ಎಂಬ ರಗಳೆ ಮಾತ್ರ ನಿಜ. ಲಿಪಿ ಕಲಿಯದೆ ಓದಲಾಗದು ಎಂದು ದೂರುವವರಿಗೆ ನಮ್ಮ 'ಜ್ಞಾ' ತೋರಿಸಬೇಕು.

ನನ್ನನ್ನು ಸೋಲಿಸಿದ್ದು ಜೆ. ಐವರ್ಸನ್ ಮತ್ತು ರಾಜರ್ ಹುಯಿ 1990ರಲ್ಲಿ, ಆ ವಿಶೇಷ ಗುರುತುಗಳ ಕಾಟವೇ ಬೇಡವೆಂದು ಸಾಧಾರಣ ಕೀಲಿಮಣೆಯ ಚಿಹ್ನೆಗಳಲ್ಲೇ ಕಟ್ಟಿದ ಭಾಷೆ. ಅದೇ ಕೆಲಸ ಇಲ್ಲಿ `(\: +/"1)`. ಆ ಒಂಟಿ ಉದ್ಧರಣ ಚಿಹ್ನೆಗೆ ಜೋಡಿಯಿಲ್ಲ. ಅದು 'ಸಾಲು ಸಾಲಾಗಿ' ಎಂಬ ಸೂಚನೆ. `%` ಭಾಗಾಕಾರ, `#` ಎಣಿಕೆ. `{` ಒಂದೇ ನಿಂತರೂ ಸರಿಯೇ, ನನ್ನ ಎಡಿಟರ್ ಮಾತ್ರ ಅದನ್ನು ತಪ್ಪೆಂದು ಕೆಂಪು ಮಾಡುತ್ತಿತ್ತು. ಗೊತ್ತಿಲ್ಲದ ಗುರುತನ್ನು ಕಲಿಯಬಹುದು. ಗೊತ್ತಿರುವ ಗುರುತು ಬೇರೇನೋ ಹೇಳತೊಡಗಿದರೆ ಕಣ್ಣು ಪ್ರತಿಸಲವೂ ಹಳೆಯ ಅರ್ಥಕ್ಕೇ ಜಾರುತ್ತದೆ.

ಪಠ್ಯ ಸೋಸಲು ಈಗಲೂ ಪರ್ಲ್, ಅಂಕಿಗೆ ಎಪಿಎಲ್. ಜೆ ಕಡತವನ್ನು ಅಳಿಸಿಲ್ಲ, ಎಪಿಎಲ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.